ಪ್ರೊಜೆಕ್ಟರ್ ಲ್ಯಾಂಪ್ ಬದಲಿಸುವ ಮುಂಚೆ ಸ್ವಲ್ಪ ತಾಳ್ಮೆ

ಚಿತ್ರ ಮಂಕಾಗಿದೆ, ಬಿಳಿ ಬಣ್ಣ ಹಳದಿ ತಿರುಗಿದೆ ಅಂದ್ರೆ ತಕ್ಷಣ ಹೊಸ ಲ್ಯಾಂಪ್ ತರಿಸಬೇಡಿ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಅದರಲ್ಲಿ ಧೂಳು ಕಟ್ಟಿಕೊಂಡರೆ ಒಳಗೆ ಬಿಸಿ ಜಾಸ್ತಿಯಾಗಿ ಲ್ಯಾಂಪ್ ಬೇಗ ಸಾಯುತ್ತೆ. ಆಮೇಲೆ ಮೆನುವಿನಲ್ಲಿ ಲ್ಯಾಂಪ್ ಅವರ್ಸ್, ಅಂದ್ರೆ ಲ್ಯಾಂಪ್ ಈವರೆಗೆ ಎಷ್ಟು ಗಂಟೆ ಉರಿದಿದೆ ಅಂತ ನೋಡಿ. ಒಂದು ಲ್ಯಾಂಪ್ ಸಾಮಾನ್ಯವಾಗಿ 2000ದಿಂದ 5000 ಗಂಟೆ ಬಾಳಿಕೆ ಬರುತ್ತೆ, ಬೆಳಕು ಕಡಿಮೆ ಮಾಡುವ ಇಕೋ ಮೋಡ್‌ನಲ್ಲಿ ಇನ್ನೂ ಜಾಸ್ತಿ. ನಿಮ್ಮದು ಲೇಸರ್ ಅಥವಾ ಎಲ್‌ಇಡಿ ಪ್ರೊಜೆಕ್ಟರ್ ಆದರೆ ಈ ತಲೆನೋವೇ ಇಲ್ಲ ಬಿಡಿ.

ಬದಲಿಸಲೇಬೇಕು ಅಂತಾದರೆ, ಆಫ್ ಮಾಡಿ, ಫ್ಯಾನ್ ನಿಲ್ಲುವವರೆಗೂ ಕಾಯಿರಿ, ಆಮೇಲೆ ಪ್ಲಗ್ ಕಿತ್ತು ಒಂದು ಗಂಟೆ ಹಾಗೇ ಬಿಡಿ. ಅವಸರ ಬೇಡ, ಕೈ ಸುಡುತ್ತೆ. ಮುಚ್ಚಳ ತೆಗೆದರೆ ಎರಡು ಮೂರು ಸ್ಕ್ರೂ ಕಾಣುತ್ತವೆ. ಸಡಿಲ ಮಾಡಿದರೂ ಇವು ಸಾಮಾನ್ಯವಾಗಿ ಪೂರ್ತಿ ಹೊರಗೆ ಬರಲ್ಲ, ಸುಮ್ನೆ ಎಳೆದಾಡಬೇಡಿ. ಹಿಡಿಕೆ ಹಿಡಿದು ಲ್ಯಾಂಪನ್ನು ಕೇಸಿಂಗ್ ಸಮೇತ ನೇರವಾಗಿ ಎಳೆಯಿರಿ. ಹೊಸದರ ಗಾಜನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಜಾಗ ವಿಪರೀತ ಕಾಯ್ದು ಗಾಜು ಒಡೆಯಬಹುದು. ಅಕಸ್ಮಾತ್ ಮುಟ್ಟಿದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಕನೆಕ್ಟರ್ ಗಟ್ಟಿಯಾಗಿ ಕೂರುವ ತನಕ ಒತ್ತಿ, ಸ್ಕ್ರೂ ಬಿಗಿ ಮಾಡಿ. ಮುಚ್ಚಳ ಸರಿಯಾಗಿ ಕೂರದಿದ್ದರೆ ಎಷ್ಟೋ ಪ್ರೊಜೆಕ್ಟರ್‌ಗಳು ಆನ್ ಆಗೋದೇ ಇಲ್ಲ, ಹೊಸ ಲ್ಯಾಂಪೇ ಕೆಟ್ಟಿದೆ ಅಂತ ಗಾಬರಿ ಬೀಳ್ತೀವಿ ಅಲ್ವಾ?

ಕೊನೆಗೆ ಮೆನುವಿನಲ್ಲಿ ಲ್ಯಾಂಪ್ ಟೈಮರ್ (ಲ್ಯಾಂಪ್ ಅವರ್ಸ್ ಲೆಕ್ಕ) ರೀಸೆಟ್ ಮಾಡಿ. ಹಳೆ ಲ್ಯಾಂಪಿನೊಳಗೆ ಪಾದರಸ ಇರುತ್ತೆ, ಕಸದ ಬುಟ್ಟಿಗೆ ಹಾಕದೆ ಇ-ವೇಸ್ಟ್‌ಗೆ ಕೊಡಿ. ಅದು ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗೆ ಹೋಗಿ.