ಮುರಕಲ್ಲಿನ ಗೋಡೆಗೆ ಗೀಸರ್: ಅಂಗಡಿಯ ಬೆಲೆಯ ಮೇಲೆ ಬೀಳುವ ಖರ್ಚು

ಗೀಸರ್ ತರಲು ಕಾಸರಗೋಡಿಗೋ ಕುಂಬಳೆಗೋ ಹೊರಡುವ ಮೊದಲು ಮನೆಯಲ್ಲೇ ನಾಲ್ಕು ಸಂಗತಿ ನೋಡಿಕೊಳ್ಳಬೇಕು: ಬಚ್ಚಲಿನ ಗೋಡೆ, ಕುಡಿಯುವ ಮತ್ತು ಮೀಯುವ ನೀರಿನ ಮೂಲ, ಟ್ಯಾಂಕಿನ ಎತ್ತರ, ಮೇನ್ ಬೋರ್ಡಿನಿಂದ ಬಚ್ಚಲಿಗೆ ಬಂದ ತಂತಿ. ಹಳೆ ಮನೆಯಾದರೆ ಗೀಸರಿಗೆ ಕೊಟ್ಟಷ್ಟೇ ದುಡ್ಡು ಈ ನಾಲ್ಕಕ್ಕೂ ಬೇಕಾಗುತ್ತದೆ.

ಅಡಿಕೆ ಸಿಪ್ಪೆ, ತೆಂಗಿನ ಮಡಲು, ಗೆರಟೆ ಧಾರಾಳ ಇರುವ ಮನೆಯಲ್ಲಿ ಹಂಡೆಯ ಒಲೆ ಕಿತ್ತು ಹಾಕಬೇಡಿ. ನಾಲ್ಕಾರು ಜನ ಮೀಯುವ ನೀರನ್ನು ಅಷ್ಟು ಅಗ್ಗಕ್ಕೆ ಕಾಯಿಸುವ ಬೇರೆ ದಾರಿಯಿಲ್ಲ. ಗೀಸರ್ ಬೇಕಾಗುವುದು ಮಳೆಗಾಲದ ಆಟಿ ತಿಂಗಳಲ್ಲಿ ಸೌದೆ ಒದ್ದೆಯಾದಾಗ, ಬೆಳಗ್ಗೆ ಬೇಗ ಹೊರಡುವವರಿಗೆ, ಒಲೆಯ ಮುಂದೆ ಕೂರಲಾಗದ ಹಿರಿಯರಿಗೆ. ಹಾಗೆ ಯೋಚಿಸಿದರೆ ದೊಡ್ಡ ಗೀಸರಿನ ಅಗತ್ಯವೂ ಬೀಳುವುದಿಲ್ಲ.

ಎಷ್ಟು ಲೀಟರ್?

60 ಡಿಗ್ರಿಗೆ ಕಾದ ನೀರಿಗೆ ತಣ್ಣೀರು ಬೆರೆಸಿ ಮೀಯುವ ಹದಕ್ಕೆ ತಂದರೆ, 20 ಲೀಟರಿನ ಒಂದು ಬಕೆಟಿಗೆ ಹೆಚ್ಚುಕಡಿಮೆ 8 ಲೀಟರ್ ಬಿಸಿನೀರು ಸಾಕು. ಅಂದರೆ 15 ಲೀಟರಿನ ಗೀಸರ್ ಒಮ್ಮೆ ಕಾದರೆ ಸುಮಾರು ಎರಡು ಬಕೆಟ್, 25 ಲೀಟರಿನದು ಮೂರು ಬಕೆಟ್. 25 ಲೀಟರ್ ನೀರನ್ನು 26ರಿಂದ 60 ಡಿಗ್ರಿಗೆ ಏರಿಸಲು ಸುಮಾರು 1 ಯೂನಿಟ್ ಕರೆಂಟು ಬೇಕು. 2 ಕಿಲೋವಾಟಿನ ಕಾಯಿಲ್‌ಗೆ ಅದು ಅರ್ಧ ಗಂಟೆಯ ಕೆಲಸ.

ವೋಲ್ಟೇಜ್ ಸರಿಯಿದ್ದರೆ ಮಾತ್ರ ಈ ಲೆಕ್ಕ. ಟ್ರಾನ್ಸ್‌ಫಾರ್ಮರಿನಿಂದ ದೂರದ ತೋಟದ ಮನೆಯಲ್ಲಿ 230ರ ಬದಲು 180 ವೋಲ್ಟ್ ಬರುತ್ತಿದ್ದರೆ 2 ಕಿಲೋವಾಟಿನ ಗೀಸರ್ ಬರೇ 1.2 ಕಿಲೋವಾಟಿನಷ್ಟು ಕೆಲಸ ಮಾಡುತ್ತದೆ, ಅರ್ಧ ಗಂಟೆಯದು ಐವತ್ತು ನಿಮಿಷವಾಗುತ್ತದೆ. ಇಂಥಲ್ಲಿ 3 ಲೀಟರಿನ ಇನ್‌ಸ್ಟಂಟ್ ಗೀಸರ್ ತೀರಾ ಬೇಸರ ತರಿಸುತ್ತದೆ. ಪೂರ್ಣ ವೋಲ್ಟೇಜಿನಲ್ಲಿ ಅದು ನಿಮಿಷಕ್ಕೆ 3 ಲೀಟರ್ ಮೀಯುವ ನೀರು ಕೊಟ್ಟರೆ, 180ರಲ್ಲಿ 2 ಲೀಟರೂ ಸಿಗುವುದಿಲ್ಲ. ಒಂದು ಬಕೆಟಿಗೆ ಹತ್ತು ನಿಮಿಷ ಕಾಯಬೇಕು. ವೋಲ್ಟೇಜ್ ಕಡಿಮೆ ಇರುವ ಮನೆಗೆ ಟ್ಯಾಂಕಿನ ಗೀಸರೇ ಸರಿ.

ನೀರು ಮತ್ತು ಒತ್ತಡ

ನಮ್ಮ ಮುರಕಲ್ಲು (ಜಂಬಿಟ್ಟಿಗೆ) ನೆಲದ ಬಾವಿಯ ನೀರು ಸಾಮಾನ್ಯವಾಗಿ ಮೃದು, ಆದರೆ ಸ್ವಲ್ಪ ಹುಳಿಯ ಗುಣದ್ದು. ಬಯಲುಸೀಮೆಯಂತೆ ಕಾಯಿಲ್ ಮೇಲೆ ಸುಣ್ಣದ ಗಟ್ಟಿ ಪದರ ಕಟ್ಟುವ ತೊಂದರೆ ಇಲ್ಲಿ ಕಡಿಮೆ. ಇಲ್ಲಿನ ತೊಂದರೆ ತುಕ್ಕು. ಆದ್ದರಿಂದ ಗಡಸು ನೀರಿಗೆ ಒಳ್ಳೆಯದು ಎಂಬ ಮಾತಿಗಿಂತ ಟ್ಯಾಂಕಿನ ಒಳಮೈಗೆ ಗಾಜಿನ ಲೇಪನ ಇದೆಯೇ, ಮೆಗ್ನೀಸಿಯಮ್ ಆನೋಡ್ ಸರಳು ಎಷ್ಟು ದಪ್ಪ ಇದೆ ಎಂದು ಕೇಳಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಆ ಸರಳಿನ ಕೆಲಸ. ಬೇಸಗೆಯಲ್ಲಿ ಬಾವಿಗೆ ಉಪ್ಪು ಏರುವ ಕಡಲ ಬದಿಯ ಮನೆಗಳಲ್ಲಿ ಅದು ಇನ್ನೂ ಬೇಗ ಕರಗುತ್ತದೆ.

ಒತ್ತಡದ ಲೆಕ್ಕ ಸುಲಭ: 10 ಮೀಟರ್ ಎತ್ತರಕ್ಕೆ 1 ಬಾರ್. ಎಣ್ಮಕಜೆ, ಬಾಯಾರು ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ಪೈಪಿನಲ್ಲಿ ನೇರ ಮನೆಗೆ ಇಳಿಸಿಕೊಂಡವರು ಇದನ್ನು ಗಮನಿಸಲೇಬೇಕು. ಸುರಂಗದ ತೊಟ್ಟಿ 40 ಮೀಟರ್ ಮೇಲಿದ್ದರೆ ನಲ್ಲಿಗಳೆಲ್ಲ ಮುಚ್ಚಿದ ರಾತ್ರಿ ಗೀಸರಿನ ಮೇಲೆ 4 ಬಾರ್ ಒತ್ತಡ ಇರುತ್ತದೆ. ಗೀಸರಿಗೆ ಅಂಟಿಸಿದ ಚೀಟಿ ಓದಿ. 0.8 ಮೆಗಾಪ್ಯಾಸ್ಕಲ್ ಎಂದರೆ 8 ಬಾರ್, ತೊಂದರೆಯಿಲ್ಲ. 0.3 ಎಂದಿದ್ದರೆ 3 ಬಾರ್ ಮಾತ್ರ. ಅದನ್ನು ಈ ಲೈನಿಗೆ ಕೊಡಬಾರದು, ಅಥವಾ ತಾರಸಿಯಲ್ಲಿ ಒಂದು ಟ್ಯಾಂಕ್ ಇಟ್ಟು ಅದರಿಂದ ಕೊಡಬೇಕು. ಸುರಂಗದ ನೀರಿನಲ್ಲಿ ಹೊಯಿಗೆ, ಬೇರಿನ ಎಳೆ ಬರುವುದರಿಂದ ಗೀಸರಿಗಿಂತ ಮೊದಲು ಬಿಚ್ಚಿ ತೊಳೆಯಬಹುದಾದ ಜಾಲರಿ ಹಾಕಿಸಿ.

ತಂತಿ ಮತ್ತು ಅರ್ತ್

ಹೆಚ್ಚಿನ ಅವಘಡ ನಡೆಯುವುದು ಇಲ್ಲಿಯೇ. 2 ಕಿಲೋವಾಟಿನ ಗೀಸರ್ ಸುಮಾರು 9 ಆಂಪಿಯರ್, 3 ಕಿಲೋವಾಟಿನದು 13 ಆಂಪಿಯರ್ ಎಳೆಯುತ್ತದೆ. ಬಚ್ಚಲಿನ ಬಲ್ಬಿಗೆ ಎಳೆದ 1 ಚದರ ಮಿಲಿಮೀಟರಿನ ತಂತಿಯಿಂದ ಇದಕ್ಕೆ ಕರೆಂಟು ಕೊಟ್ಟರೆ ತಂತಿ ಪೈಪಿನೊಳಗೇ ಬಿಸಿಯಾಗಿ ಇನ್ಸುಲೇಶನ್ ಕರಗಬಹುದು, ಹೊರಗೆ ಏನೂ ಕಾಣುವುದಿಲ್ಲ. ಮೇನ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ. ಫೇಸ್, ನ್ಯೂಟ್ರಲ್, ಅರ್ತ್ ಮೂರೂ. 2 ಕಿಲೋವಾಟಿಗೆ 16 ಆಂಪಿಯರಿನ, 3ಕ್ಕೆ 20 ಆಂಪಿಯರಿನ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ತಾನೇ ಆರುವ ಸ್ವಿಚ್). ಸ್ವಿಚ್ ಬಚ್ಚಲಿನ ಹೊರಗಿರಲಿ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಇರಲಿ. ಕರೆಂಟು ಸೋರಿದ ಕೂಡಲೇ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮನೆಯಲ್ಲಿ ಇಲ್ಲದಿದ್ದರೆ ಗೀಸರನ್ನು ಒಂದು ತಿಂಗಳು ಮುಂದೂಡಿ, ಮೊದಲು ಅದನ್ನು ಹಾಕಿಸಿ.

ಮುರಕಲ್ಲಿನ ನೆಲ ಮಾರ್ಚ್ ಹೊತ್ತಿಗೆ ಒಣಗಿ ಅರ್ತ್ ದುರ್ಬಲವಾಗುತ್ತದೆ. ಎರಡೂವರೆ ಮೀಟರಿನ ಜಿಐ ಪೈಪನ್ನು ಇದ್ದಿಲು, ಉಪ್ಪಿನೊಂದಿಗೆ ಹೂಳುವಾಗ ವರ್ಷವಿಡೀ ತಂಪಿರುವ ಜಾಗ ಆರಿಸಿ. ಬಚ್ಚಲ ನೀರು ಬಾಳೆಬುಡಕ್ಕೆ ಹೋಗುವ ಕಡೆ ಒಳ್ಳೆಯದು. ಗೀಸರ್ ಓಡುತ್ತಿರುವಾಗ ವಯರ್‌ಮನ್ ಕೈಯಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಸಿ. ನಾಲ್ಕೈದು ವೋಲ್ಟಿಗಿಂತ ಹೆಚ್ಚಿದ್ದರೆ ಕಾರಣ ಹುಡುಕಲೇಬೇಕು. ಅರ್ತ್ ಇಲ್ಲವೆಂದು ಸಾಕೆಟ್ಟಿನೊಳಗೆ ನ್ಯೂಟ್ರಲನ್ನೇ ಅರ್ತ್ ಪಿನ್ನಿಗೆ ಜೋಡಿಸಿ ಹೋಗುವವರಿದ್ದಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಗೀಸರಿನ ಮೈಯಿಡೀ ಫೇಸ್ ಬರುತ್ತದೆ. ಆ ಕೆಲಸಕ್ಕೆ ಎಂದೂ ಒಪ್ಪಬೇಡಿ.

ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನ ಸಿಡಿಲಿನ ದಿನಗಳಲ್ಲಿ ಮೋಡ ಕಟ್ಟಿದ ಕೂಡಲೇ ಪ್ಲಗ್ ಕಿತ್ತಿಡಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು. ಅದಕ್ಕಾಗಿಯೇ ನೇರ ತಂತಿ ಜೋಡಣೆಗಿಂತ 16 ಆಂಪಿಯರಿನ ಪ್ಲಗ್ ಈ ಊರಿಗೆ ಹೊಂದುತ್ತದೆ.

ಗೋಡೆಗೆ ಏರಿಸುವುದು

ನೀರು ತುಂಬಿದ 25 ಲೀಟರಿನ ಗೀಸರ್ ಸುಮಾರು 35 ಕಿಲೋ ತೂಗುತ್ತದೆ. ಡ್ರಿಲ್ ಮಾಡುವಾಗ ಪುಡಿಯ ಬಣ್ಣ ನೋಡಿ: ಬೂದು ಬಣ್ಣದ್ದಾದರೆ ಕಾಂಕ್ರೀಟು, ಕೆಂಪಾದರೆ ಮುರಕಲ್ಲು. ಪೆಟ್ಟಿಗೆಯಲ್ಲಿ ಬರುವ ಹಿಗ್ಗುವ ಬೋಲ್ಟ್ ಕಾಂಕ್ರೀಟಿಗೆ ಸರಿ. ತೂತುಬಿದ್ದ ಮೆದು ಮುರಕಲ್ಲಿನಲ್ಲಿ ಅದು ಹಿಗ್ಗಿದಷ್ಟೂ ಕಲ್ಲು ಒಡೆಯುತ್ತದೆ. ಬಾಗಿಲು-ಕಿಟಕಿಗಳ ಮೇಲಿನ ಕಾಂಕ್ರೀಟು ಪಟ್ಟಿಗೇ (ಲಿಂಟಲ್ ಬೆಲ್ಟ್) ಬೋಲ್ಟ್ ಸಿಗುವ ಎತ್ತರದಲ್ಲಿ ಹಾಕಿಸುವುದು ಉತ್ತಮ. ಸಾಧ್ಯವಿಲ್ಲದಿದ್ದರೆ ಗೋಡೆಯ ಆಚೆಬದಿಗೂ ದಾಟುವ ಉದ್ದ ಬೋಲ್ಟ್ ಕೊಟ್ಟು, ಹಿಂದೆ ಕಬ್ಬಿಣದ ಪಟ್ಟಿ ಇಟ್ಟು ಬಿಗಿಯಿರಿ. ಕೆಳಗಡೆ ಕಾಯಿಲ್ ಎಳೆದು ತೆಗೆಯುವಷ್ಟು, ಒಂದಡಿ ಜಾಗ ಖಾಲಿ ಬಿಡಿ.

ಬಿಸಿನೀರಿನ ಬದಿಗೆ ಸಿಪಿವಿಸಿ ಪೈಪು, ಅದರದೇ ಅಂಟು. ಸಾಮಾನ್ಯ ಬಿಳಿ ಪಿವಿಸಿ 60 ಡಿಗ್ರಿಗೆ ಮೆತ್ತಗಾಗಿ ಬಾಗುತ್ತದೆ. ತಣ್ಣೀರು ಒಳಬರುವಲ್ಲಿ ಒಂದು ವಾಲ್ವ್, ನಂತರ ಸುರಕ್ಷಾ ವಾಲ್ವ್. ನೀರು ಕಾದಾಗ ಹಿಗ್ಗುವುದರಿಂದ ಸುರಕ್ಷಾ ವಾಲ್ವಿನಿಂದ ನಾಲ್ಕು ಹನಿ ತೊಟ್ಟಿಕ್ಕಬಹುದು. ಸೋರುತ್ತದೆಂದು ಆ ತೂತಿಗೆ ಎಂಸೀಲ್ ಹಾಕಿ ಮುಚ್ಚಿದರೆ ಟ್ಯಾಂಕ್ ಒಡೆಯುವ ಅಪಾಯವಿದೆ. ಸಣ್ಣ ಟ್ಯೂಬ್ ಸಿಕ್ಕಿಸಿ ನೀರನ್ನು ಬದಿಗೆ ಇಳಿಸಿ.

ಕರೆಂಟು ಕೊಡುವ ಮೊದಲು ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿ ಪೂರ್ತಿ ಹೋಗಿ ಒಂದೇ ಸಮ ನೀರು ಬರುವವರೆಗೆ ತುಂಬಿಸಬೇಕು. ಒಣ ಟ್ಯಾಂಕಿನಲ್ಲಿ ಕಾಯಿಲ್ ಕೆಲವೇ ನಿಮಿಷದಲ್ಲಿ ಸುಡುತ್ತದೆ, ಅದಕ್ಕೆ ವಾರಂಟಿಯೂ ಸಿಗಲಿಕ್ಕಿಲ್ಲ.

ಗ್ಯಾಸ್ ಗೀಸರ್ ಆರಿಸುವವರಿಗೆ ಒಂದೇ ಮಾತು: ಅದು ಬಚ್ಚಲಿನ ಹೊರಗೋಡೆಯಲ್ಲಿ, ಬಯಲು ಗಾಳಿಯಲ್ಲೇ ಇರಬೇಕು. ಮುಚ್ಚಿದ ಬಚ್ಚಲಿನಲ್ಲಿ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ಹೋಗುತ್ತದೆ.

ಒಟ್ಟು ಎಷ್ಟು?

15 ಲೀಟರಿನ ಗೀಸರಿಗೆ 6,000–10,000, 25 ಲೀಟರಿನದಕ್ಕೆ 8,000–13,000 ರೂಪಾಯಿ ಇಟ್ಟುಕೊಳ್ಳಿ. ತಂತಿ, ಎಂಸಿಬಿ, ಸಾಕೆಟ್ಟಿಗೆ ದೂರ ನೋಡಿ 2,500–4,500. ಆರ್‌ಸಿಸಿಬಿಗೆ ಇನ್ನೂ ಸುಮಾರು ಎರಡು ಸಾವಿರ. ಪೈಪು, ವಾಲ್ವ್, ಬೋಲ್ಟ್, ಕೂಲಿ ಸೇರಿ 2,000–4,000. ಕಂಪೆನಿಯವರ ಉಚಿತ ಜೋಡಣೆ ಎಂದರೆ ಸಾಮಾನ್ಯವಾಗಿ ಗೋಡೆಗೆ ತೂಗುಹಾಕುವುದು ಮಾತ್ರ. ಜೋಡಿಸುವ ಪೈಪುಗಳಿಗೆ ಬೇರೆ ದುಡ್ಡು.

ಬಿಲ್ಲಿನ ಬಗ್ಗೆಯೂ ಎಚ್ಚರ ಬೇಕು. ದಿನಕ್ಕೆ ಎರಡು ಸಲ 25 ಲೀಟರ್ ಕಾಯಿಸಿದರೆ ಎರಡು ತಿಂಗಳ ಬಿಲ್ಲಿಗೆ 120 ಯೂನಿಟ್ ಸೇರುತ್ತದೆ. ಕೇರಳದಲ್ಲಿ ತಿಂಗಳ ಸರಾಸರಿ 250 ಯೂನಿಟ್ ದಾಟಿದರೆ ಮೊದಲ ಯೂನಿಟಿನಿಂದಲೇ ಹೆಚ್ಚಿನ ದರ ಬೀಳುತ್ತದೆ. ಎರಡು ತಿಂಗಳಿಗೆ ಈಗಾಗಲೇ 400 ಯೂನಿಟ್ ಬರುತ್ತಿರುವ ಮನೆಯಾದರೆ ಈ ಗಡಿ ದಾಟುವುದು ಖಂಡಿತ. ಅಂಥವರು 15 ಲೀಟರಿನದನ್ನೇ ತಗೊಂಡು, ಮೀಯುವ ಇಪ್ಪತ್ತು ನಿಮಿಷ ಮೊದಲು ಹಾಕಿ, ಕಾದ ಕೂಡಲೇ ಆರಿಸಿ. ಥರ್ಮೋಸ್ಟಾಟನ್ನು 55–60ರಲ್ಲಿಡಿ.

ಎರಡು ವರ್ಷಕ್ಕೊಮ್ಮೆ, ಕಡಲ ಬದಿಯಲ್ಲಿ ವರ್ಷಕ್ಕೊಮ್ಮೆ, ಆನೋಡ್ ಬಿಚ್ಚಿಸಿ ನೋಡಿ. ಸರಳು ಸಪೂರವಾಗಿ ಒಳಗಿನ ತಂತಿ ಕಾಣತೊಡಗಿದರೆ ಬದಲಾಯಿಸುವ ಹೊತ್ತಾಗಿದೆ. ತಣ್ಣೀರು ತಿಳಿಯಾಗಿದ್ದು ಬಿಸಿನೀರು ಮಾತ್ರ ಕೆಂಪಾಗಿ ಬರುತ್ತಿದ್ದರೆ ತುಕ್ಕು ಟ್ಯಾಂಕಿಗೆ ಇಳಿದಿರುವ ಸಾಧ್ಯತೆ ಹೆಚ್ಚು. ಎರಡೂ ಕೆಂಪಾಗಿದ್ದರೆ ಬಾವಿಯ ಕಬ್ಬಿಣದ ಅಂಶ ನೋಡಿಸಿ, ಗೀಸರಿನ ಮೇಲೆ ತಪ್ಪು ಹೊರಿಸಬೇಡಿ.