ಸರ್ವರ್ ಏನು ಮಾಡುತ್ತದೆ? ನಿಮ್ಮ ಬ್ರೌಸರ್‌ನಲ್ಲೇ ನೋಡಿ

"ಸರ್ವರ್ ಡೌನ್ ಇದೆ, ನಾಳೆ ಬನ್ನಿ" ಅನ್ನೋ ಮಾತನ್ನು ಕೇಳದವರು ಕಡಿಮೆ. ಆದರೆ ಡೌನ್ ಆಗಿದ್ದು ಏನು, ಎಲ್ಲಿ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಅದನ್ನು ಸ್ವಲ್ಪ ಮಟ್ಟಿಗೆ ನೀವೇ ಕಂಡುಹಿಡಿಯಬಹುದು.

ಸರ್ವರ್ ಅಂದರೆ ಯಾರಾದರೂ ಕೇಳಿದರೆ ಉತ್ತರ ಕೊಡೋಣ ಅಂತ ಸದಾ ಕಾಯುತ್ತಿರುವ ಒಂದು ಪ್ರೋಗ್ರಾಂ. ಅದು ಓಡುವ ಕಂಪ್ಯೂಟರಿಗೂ ಅದೇ ಹೆಸರು. ಆ ಕಂಪ್ಯೂಟರಿನಲ್ಲಿ ಇರುವುದೂ ಪ್ರೊಸೆಸರ್, ಮೆಮೊರಿ, ಡಿಸ್ಕ್ ಅಷ್ಟೇ. ಹಗಲು ರಾತ್ರಿ ಆನ್ ಇರುತ್ತದೆ, ಮುಂದೆ ಯಾರೂ ಕೂತಿರುವುದಿಲ್ಲ. ಮನೆಯ ಹಳೇ ಲ್ಯಾಪ್‌ಟಾಪ್ ಕೂಡ ಈ ಕೆಲಸ ಮಾಡಬಲ್ಲದು.

ಈಗ ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆಯಿರಿ. ಕನ್ನಡ ವಿಕಿಪೀಡಿಯಕ್ಕೆ ಹೋಗಿ, ಲಾಗಿನ್ ಆಗದೆ ಯಾವುದಾದರೂ ಪುಟ ತೆರೆಯಿರಿ, ಹಂಪಿ ಅಂತಿಟ್ಟುಕೊಳ್ಳಿ. ಎಫ್12 ಒತ್ತಿ, ನೆಟ್‌ವರ್ಕ್ ಅನ್ನೋ ಟ್ಯಾಬ್‌ಗೆ ಹೋಗಿ, ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ. ಸಾಲು ಸಾಲಾಗಿ ಏನೇನೋ ಇಳಿದು ಬರುತ್ತದೆ. ಗಾಬರಿ ಬೇಡ. ಒಂದೊಂದು ಸಾಲೂ ನಿಮ್ಮ ಬ್ರೌಸರ್ ಕೇಳಿದ ಒಂದೊಂದು ಪ್ರಶ್ನೆ. ಬರಹ ಬೇರೆ, ಪ್ರತಿ ಚಿತ್ರ ಬೇರೆ, ಪುಟದ ಅಂದಚಂದದ ಫೈಲ್ ಬೇರೆ. ಚಿತ್ರಗಳಂತೂ ಬೇರೆಯದೇ ವಿಳಾಸದಿಂದ ಬರುತ್ತವೆ. ಒಂದೇ ಪುಟ ಅಂತ ನಾವು ಅಂದುಕೊಂಡಿದ್ದು ಇಷ್ಟೆಲ್ಲ ಉತ್ತರಗಳನ್ನು ಸೇರಿಸಿ ಕಟ್ಟಿದ್ದು.

ಸ್ಟೇಟಸ್ ಅನ್ನೋ ಕಾಲಂ ನೋಡಿ. 200 ಅಂದರೆ ಕೇಳಿದ್ದು ಸಿಕ್ಕಿತು. 304 ಅಂದರೆ "ನಿನ್ನ ಹತ್ತಿರ ಇರುವುದೇ ಸರಿಯಿದೆ, ಮತ್ತೆ ಕಳಿಸಲ್ಲ" ಅಂತ.

ಇನ್ನು ನನಗೆ ಬಹಳ ಇಷ್ಟವಾದ ಭಾಗ. ಮೊದಲ ಸಾಲಿನ ಮೇಲೆ ಕ್ಲಿಕ್ ಮಾಡಿ, ಹೆಡರ್ಸ್ ತೆರೆದು, ರೆಸ್ಪಾನ್ಸ್ ಹೆಡರ್ಸ್‌ನಲ್ಲಿ, ಅಂದರೆ ಉತ್ತರದ ಜೊತೆ ಬಂದ ವಿವರಗಳಲ್ಲಿ, ಎಕ್ಸ್-ಕ್ಯಾಶ್ (x-cache) ಅನ್ನೋದನ್ನು ಹುಡುಕಿ. ಅಲ್ಲಿ ಸಿಪಿ (cp) ಅಂತ ಶುರುವಾಗುವ ಒಂದು ಹೆಸರು ಕಾಣುತ್ತದೆ. ಅದೇ ನಿಮಗೆ ಉತ್ತರ ಕೊಟ್ಟ ಯಂತ್ರ! ಸಿಪಿ ಆದಮೇಲೆ 5 ಇದ್ದರೆ ಅದು ಸಿಂಗಾಪುರದಲ್ಲಿದೆ, 1 ಇದ್ದರೆ ಅಮೆರಿಕದ ವರ್ಜೀನಿಯಾದಲ್ಲಿ. ನಮ್ಮ ಕಡೆಯವರಿಗೆ ಸಾಮಾನ್ಯವಾಗಿ ಸಿಂಗಾಪುರದ್ದೇ ಸಿಗುತ್ತದೆ. ಆ ಸಾಲಿನಲ್ಲಿ ಎಲ್ಲಾದರೂ ಹಿಟ್ (hit) ಅಂತಿದ್ದರೆ, ಮೊದಲೇ ಯಾರೋ ಓದಿದ್ದರಿಂದ ಆ ಪುಟದ ಪ್ರತಿ ಅಲ್ಲೇ ರೆಡಿ ಇತ್ತು, ಅದನ್ನೇ ಕೊಟ್ಟರು. ಬರೀ ಮಿಸ್ (miss) ಅಂತಿದ್ದರೆ ಇರಲಿಲ್ಲ; ಆಗ ಆ ಯಂತ್ರ ಅಮೆರಿಕದ ಮುಖ್ಯ ಸರ್ವರ್‌ಗಳನ್ನು ಕೇಳುತ್ತದೆ, ಅವು ಡೇಟಾಬೇಸ್‌ನಿಂದ ಬರಹ ತೆಗೆದು ಪುಟ ಕಟ್ಟಿ ವಾಪಸ್ ಕಳಿಸುತ್ತವೆ, ಇಷ್ಟೂ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಜಾಸ್ತಿ ಜನ ಓದದ ಪುಟ ತೆರೆದು ನೋಡಿ, ಮಿಸ್ ಸಿಗಬಹುದು. ರಿಫ್ರೆಶ್ ಮಾಡಿದರೆ ಹೆಚ್ಚಾಗಿ ಹಿಟ್ ಆಗಿರುತ್ತದೆ, ಯಾಕೆಂದರೆ ಈಗ ತಾನೇ ಓದಿದ್ದು ನೀವೇ.

ಹಾಗಾಗಿ ಸರ್ವರ್ ಅಂದರೆ ಒಂದೇ ಪೆಟ್ಟಿಗೆ ಅಂತ ಅಂದುಕೊಳ್ಳಬೇಡಿ. ಮುಂದೆ ನಿಂತು ಉತ್ತರಿಸುವುದು ಒಂದು, ಪುಟ ಕಟ್ಟುವುದು ಇನ್ನೊಂದು, ಮಾಹಿತಿ ಇಟ್ಟುಕೊಂಡಿರುವುದು ಮತ್ತೊಂದು. ಯಾವುದು ಕೈಕೊಟ್ಟಿದೆ ಅನ್ನೋ ಸುಳಿವು ಆ ಸ್ಟೇಟಸ್ ನಂಬರ್‌ನಲ್ಲೇ ಇರುತ್ತದೆ.

404 ಬಂದರೆ ಸರ್ವರ್ ಚೆನ್ನಾಗೇ ಇದೆ, ನೀವು ಕೇಳಿದ ಪುಟ ಇಲ್ಲ ಅಷ್ಟೇ. ವಿಳಾಸ ಸರಿಯಿದೆಯಾ ನೋಡಿ. 500 ಅಂದರೆ ಒಳಗಿನ ಪ್ರೋಗ್ರಾಂ ಎಡವಿದೆ, ನಿಮ್ಮ ಕಡೆಯಿಂದ ಮಾಡುವಂಥದ್ದು ಏನೂ ಇಲ್ಲ. 503 ಅಂದರೆ ಸಾಮಾನ್ಯವಾಗಿ ಲೋಡ್ ಜಾಸ್ತಿ ಅಥವಾ ರಿಪೇರಿ ನಡೆದಿದೆ. ಪರೀಕ್ಷೆ ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಟ್ಟಿಗೆ ಕೇಳಿದಾಗ ಆಗುವುದು ಇದೇ, ಎಲ್ಲರೂ ಸುಮ್ನೆ ರಿಫ್ರೆಶ್ ಒತ್ತುತ್ತಾ ಕೂತರೆ ಇನ್ನೂ ಹೆಚ್ಚುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಯಾವ ನಂಬರೂ ಬರದೆ ಪುಟವೇ ತೆರೆಯದಿದ್ದರೆ ಮೊದಲು ಬೇರೆ ಸೈಟ್ ತೆರೆದು ನೋಡಿ. ಅದೂ ಬರದಿದ್ದರೆ ತೊಂದರೆ ನಿಮ್ಮ ನೆಟ್‌ನಲ್ಲೇ ಇರಬೇಕು.

504 ಬಂದಾಗ ಮಾತ್ರ ಹುಷಾರು. ಮುಂದೆ ನಿಂತು ಉತ್ತರಿಸುವ ಸರ್ವರ್ ಹಿಂದೆ ಕೆಲಸ ಮಾಡುವ ಸರ್ವರ್‌ಗೆ ಕಾದು ಕಾದು ಕೈಬಿಟ್ಟಿದೆ ಅಂತ ಅದರ ಅರ್ಥ. ಹಿಂದಿನದು ಕೆಲಸ ಮುಗಿಸಿಯೂ ಇರಬಹುದು. ಹಣ ಕಟ್ಟುವಾಗ ಹೀಗಾದರೆ ಮತ್ತೆ ಪೇ ಒತ್ತಬೇಡಿ, ಮೊದಲು ಬ್ಯಾಂಕ್ ಖಾತೆಯಲ್ಲಿ ದುಡ್ಡು ಹೋಗಿದೆಯಾ ನೋಡಿ.