ಜರ್ಮನಿಗೆ ಹೊಸದಾಗಿ ಬಂದವರಿಗೆ: ಮನೆಗೆ ಇಂಟರ್‌ನೆಟ್ ಬರುವ ತನಕ ಮೊಬೈಲನ್ನೇ ಮೋಡೆಮ್ ಮಾಡಿಕೊಳ್ಳುವ ಬಗೆ

ಮ್ಯೂನಿಕ್‌ಗೆ ಬಂದಿಳಿದ ನಮ್ಮವರು ಮೊದಲ ವಾರದಲ್ಲಿ ಕೇಳುವ ಪ್ರಶ್ನೆಗಳಲ್ಲಿ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಎಂಬುದಾದ ಮೇಲೆ ಬರುವುದು ಮನೆಗೆ ಇಂಟರ್‌ನೆಟ್ ಎಂದು ಬರುತ್ತದೆ ಎಂಬ ಪ್ರಶ್ನೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಫೋನ್ ಮಾಡಿದರೆ ಮರುದಿನದೊಳಗೆ ಯಾರಾದರೂ ಬಂದು ಕೇಬಲ್ ಎಳೆದು ಹೋಗುವುದನ್ನು ಕಂಡವರಿಗೆ, ಇಲ್ಲಿ ಅರ್ಜಿ ಹಾಕಿದ ಮೇಲೆ ಸಂಪರ್ಕ ಸಿಗಲು ಹಲವು ವಾರ ಹಿಡಿಯಬಹುದು ಎಂದರೆ ಮೊದಮೊದಲು ನಂಬಿಕೆಯೇ ಹುಟ್ಟುವುದಿಲ್ಲ. ಆ ವಾರಗಳಲ್ಲಿಯೇ ವಿಳಾಸ ನೋಂದಣಿಯ ಸಮಯ ಕಾಯ್ದಿರಿಸಬೇಕು, ಬ್ಯಾಂಕ್ ಖಾತೆ ತೆರೆಯಬೇಕು, ಕಾಯಂ ಮನೆ ಹುಡುಕಬೇಕು. ಎಲ್ಲಕ್ಕೂ ಕಂಪ್ಯೂಟರು ಬೇಕು, ಕಂಪ್ಯೂಟರಿಗೆ ಇಂಟರ್‌ನೆಟ್ ಬೇಕು. ಆ ಅವಧಿಗೆ ಜೇಬಿನಲ್ಲಿರುವ ಫೋನೇ ಸಾಕು, ಆದರೆ ಊರಿನ ಅಭ್ಯಾಸದಲ್ಲಿ ಬಳಸಿದರೆ ಸಾಕಾಗುವುದಿಲ್ಲ ಎಂಬುದು ಇಲ್ಲಿ ಹಲವು ವರ್ಷ ಕಳೆದ ಮೇಲೆ ನಾನು ಕಂಡುಕೊಂಡ ಸಂಗತಿ.

ನನ್ನ ವಯಸ್ಸಿನವರಿಗೆ ಇದು ಹೊಸ ವಿದ್ಯೆಯೇನಲ್ಲ. ರಿಲಯನ್ಸ್ ಫೋನಿಗೆ ಡೇಟಾ ಕೇಬಲ್ ಸಿಕ್ಕಿಸಿ, ಕಂಪ್ಯೂಟರಿನಿಂದ #777 ಡಯಲ್ ಮಾಡಿ, ಒಂದು ಮೇಲ್ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಸುತ್ತಿದ್ದ ಕಾಲವನ್ನು ನಾವು ಕಂಡಿದ್ದೇವೆ. ಆಗ ಫೋನು ನಿಜಕ್ಕೂ ಮೋಡೆಮ್ ಆಗಿಯೇ ಕೆಲಸ ಮಾಡುತ್ತಿತ್ತು. ಈಗಿನದು ಅದಕ್ಕಿಂತ ರೌಟರಿಗೆ ಹತ್ತಿರ: ಫೋನು ಟವರಿನಿಂದ ತಾನು ಸಂಪರ್ಕ ಪಡೆದು, ಲ್ಯಾಪ್‌ಟಾಪಿಗೆ ತನ್ನದೇ ಒಂದು ಒಳವಿಳಾಸ ಕೊಟ್ಟು, ಎರಡರ ನಡುವೆ ದಲ್ಲಾಳಿಯಂತೆ ನಿಂತುಕೊಳ್ಳುತ್ತದೆ. ಲ್ಯಾಪ್‌ಟಾಪಿನ ನೆಟ್‌ವರ್ಕ್ ವಿವರದಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ, ಫೋನು ಇನ್ನೂ ವಿಳಾಸ ಕೊಟ್ಟಿಲ್ಲ ಎಂದರ್ಥ. ಹಾಟ್‌ಸ್ಪಾಟನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮೊದಲು ಸಿಮ್ ವಿಷಯ. ಪ್ರಿಪೇಯ್ಡ್ ಸಿಮ್‌ಗಳು ಇಲ್ಲಿ ಆಲ್ಡಿ, ಲಿಡ್ಲ್‌ನಂಥ ದಿನಸಿ ಅಂಗಡಿಗಳಲ್ಲಿಯೇ ಸಿಗುತ್ತವೆ. ಆದರೆ 2017ರ ಜುಲೈಯಿಂದ ಗುರುತಿನ ಚೀಟಿ ಪರಿಶೀಲನೆಯಾಗದೆ ಯಾವ ಪ್ರಿಪೇಯ್ಡ್ ಸಿಮ್ ಕೂಡ ಚಾಲೂ ಆಗುವುದಿಲ್ಲ. ವಿಡಿಯೊ ಕರೆಯಲ್ಲಿ ಪಾಸ್‌ಪೋರ್ಟ್ ತೋರಿಸಿ ಇದನ್ನು ಮುಗಿಸಬಹುದು, ಇಲ್ಲವೇ ಅಂಚೆ ಕಚೇರಿಗೆ ಹೋಗಿ ಮಾಡಿಸಬಹುದು. ವಿಡಿಯೊ ಕರೆಗೇ ಇಂಟರ್‌ನೆಟ್ ಬೇಕಲ್ಲ ಎಂದು ನಗಬೇಡಿ. ನಾನು ಮೊದಲ ಸಿಮ್ ಚಾಲೂ ಮಾಡಿಸಿದ್ದು ಒಂದು ಕಾಫಿ ಅಂಗಡಿಯ ಉಚಿತ ವೈ-ಫೈಯಲ್ಲಿ, ಅಕ್ಕಪಕ್ಕದ ಮೇಜಿನವರೆಲ್ಲ ನೋಡುತ್ತಿರುವಾಗ ಪಾಸ್‌ಪೋರ್ಟನ್ನು ಕ್ಯಾಮೆರಾದ ಮುಂದೆ ಓರೆ ಹಿಡಿದು ಅಲ್ಲಾಡಿಸುತ್ತ. ಚಾಲೂ ಆದ ಮೇಲೆ ಕರೆ ಹೋಗುತ್ತಿದ್ದು ಡೇಟಾ ಮಾತ್ರ ಬರದಿದ್ದರೆ, ಎಪಿಎನ್ ಸೆಟ್ಟಿಂಗ್, ಅಂದರೆ ಫೋನು ಕಂಪನಿಯ ಡೇಟಾ ಜಾಲವನ್ನು ಸೇರಲು ಬೇಕಾದ ವಿವರ, ತುಂಬಿಕೊಂಡಿಲ್ಲ ಎಂದು ಊಹಿಸಿ; ಸಿಮ್ ಜೊತೆ ಬಂದ ಕಾಗದದಲ್ಲಿ ಅದನ್ನು ಕೊಟ್ಟಿರುತ್ತಾರೆ.

ಭಾರತದಿಂದ ತಂದ ಫೋನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಲ್ಲಿನ 4ಜಿ ಜಾಲಗಳು ಗೋಡೆಗಳನ್ನು ದಾಟಿ ದೂರದವರೆಗೆ ತಲುಪಲು ಬಳಸುವ ತರಂಗಗಳಲ್ಲಿ ಬ್ಯಾಂಡ್ 20, ಅಂದರೆ 800 ಮೆಗಾಹರ್ಟ್ಸ್ ಮುಖ್ಯವಾದದ್ದು. ಭಾರತದಲ್ಲಿ ಅದು ಬಳಕೆಯಲ್ಲಿಲ್ಲದ ಕಾರಣ, ಅಲ್ಲಿನ ಮಾರುಕಟ್ಟೆಗೆಂದೇ ತಯಾರಾದ ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ಆ ಬ್ಯಾಂಡ್ ಇರುವುದೇ ಇಲ್ಲ. ಜರ್ಮನಿಯಲ್ಲಿ 3ಜಿಯನ್ನು 2021ರಲ್ಲಿ ಪೂರ್ತಿ ನಿಲ್ಲಿಸಿದ್ದಾರೆ. ಹಾಗಾಗಿ 4ಜಿ ಸಿಗದ ಕಡೆ ಫೋನು ಮಧ್ಯದ ಮೆಟ್ಟಿಲಿಲ್ಲದೆ ನೇರವಾಗಿ 2ಜಿಗೆ ಬೀಳುತ್ತದೆ, ಪರದೆಯ ಮೂಲೆಯಲ್ಲಿ 'ಇ' ಎಂಬ ಒಂಟಿ ಅಕ್ಷರ ಮೂಡುತ್ತದೆ. ಆ ಅಕ್ಷರ ಕಂಡಾಗ ಲ್ಯಾಪ್‌ಟಾಪ್ ಮುಚ್ಚಿ ಪುಸ್ತಕ ತೆರೆಯುವುದು ಒಳ್ಳೆಯದು. ಊರಿನಿಂದ ಹೊರಡುವ ಮುಂಚೆಯೇ ನಿಮ್ಮ ಫೋನಿನ ಮಾದರಿ ಸಂಖ್ಯೆ ಹಾಕಿ ಅದಕ್ಕೆ ಯಾವ ಬ್ಯಾಂಡ್‌ಗಳಿವೆ ಎಂದು ನೋಡಿಕೊಳ್ಳಿ.

ಫೋನನ್ನು ಕಂಪ್ಯೂಟರಿಗೆ ಜೋಡಿಸಲು ವೈ-ಫೈ ಹಾಟ್‌ಸ್ಪಾಟ್, ಯುಎಸ್‌ಬಿ ಕೇಬಲ್, ಬ್ಲೂಟೂತ್ ಎಂಬ ಮೂರು ದಾರಿಗಳಿವೆ. ಬ್ಲೂಟೂತ್ ತೀರಾ ನಿಧಾನ. ಬೇರೆ ಗತಿಯಿಲ್ಲದಾಗ ಮಾತ್ರ. ಮೇಜಿನ ಮುಂದೆ ಕೂತು ಗಂಟೆಗಟ್ಟಲೆ ಕೆಲಸ ಮಾಡುವವರಿಗೆ ಕೇಬಲ್ ಉತ್ತಮ, ಏಕೆಂದರೆ ಅದು ಸ್ಥಿರವಾಗಿರುತ್ತದೆ, ಫೋನೂ ಚಾರ್ಜ್ ಆಗುತ್ತಿರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಯುಎಸ್‌ಬಿ ಟೆಥರಿಂಗ್ (ಟೆಥರಿಂಗ್ ಎಂದರೆ ಫೋನಿನ ಡೇಟಾವನ್ನು ಬೇರೆ ಸಾಧನಕ್ಕೆ ಹಂಚುವುದು) ಎಂಬ ಗುಂಡಿ ಕೇಬಲ್ ಸಿಕ್ಕಿಸುವವರೆಗೆ ಮಂಕಾಗಿಯೇ ಇರುತ್ತದೆ. ಸಿಕ್ಕಿಸಿದ ಮೇಲೂ ಮಂಕಾಗಿಯೇ ಇದ್ದರೆ ದೋಷ ಬಹುತೇಕ ಕೇಬಲಿನದು: ಅಗ್ಗದ ಹಲವು ಕೇಬಲುಗಳಲ್ಲಿ ಚಾರ್ಜಿಂಗ್ ತಂತಿಗಳಷ್ಟೇ ಇರುತ್ತವೆ, ಡೇಟಾ ಸಾಗಿಸುವ ತಂತಿಗಳು ಇರುವುದಿಲ್ಲ. ಐಫೋನನ್ನು ವಿಂಡೋಸ್ ಕಂಪ್ಯೂಟರಿಗೆ ಕೇಬಲಿನಲ್ಲಿ ಜೋಡಿಸಬೇಕಾದರೆ ಆ ಕಂಪ್ಯೂಟರಿನಲ್ಲಿ ಆಪಲ್‌ನ ತಂತ್ರಾಂಶ ಇರಬೇಕು, ಫೋನಿನ ಪರದೆಯಲ್ಲಿ ಈ ಕಂಪ್ಯೂಟರನ್ನು ನಂಬುವಿರಾ ಎಂದು ಕೇಳಿದಾಗ ಒಪ್ಪಿಗೆ ಕೊಡಬೇಕು. ಮ್ಯಾಕ್ ಲ್ಯಾಪ್‌ಟಾಪು ಅನೇಕ ಆಂಡ್ರಾಯ್ಡ್ ಫೋನುಗಳನ್ನು ಕೇಬಲಿನಲ್ಲಿ ಗುರುತಿಸುವುದೇ ಇಲ್ಲ, ಅಂಥವರು ತಲೆ ಕೆಡಿಸಿಕೊಳ್ಳದೆ ವೈ-ಫೈಗೆ ಹೋಗಿ. ಐಫೋನಿನ ಹಾಟ್‌ಸ್ಪಾಟ್ ಲ್ಯಾಪ್‌ಟಾಪಿಗೆ ಕಾಣಿಸುತ್ತಿಲ್ಲವಾದರೆ, ಜೋಡಣೆಯಾಗುವವರೆಗೆ ಫೋನಿನಲ್ಲಿ ಹಾಟ್‌ಸ್ಪಾಟಿನ ಪುಟವನ್ನೇ ತೆರೆದಿಟ್ಟುಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪ್ ಆದರೆ ಅದೇ ಪುಟದಲ್ಲಿರುವ ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ ಎಂಬುದನ್ನೂ ಹಚ್ಚಿ. ಹಾಟ್‌ಸ್ಪಾಟಿಗೆ ಫೋನು ತಾನಾಗಿ ಇಟ್ಟುಕೊಳ್ಳುವ ಹೆಸರು ಎಷ್ಟೋ ಸಲ ನಿಮ್ಮ ಹೆಸರೇ ಆಗಿರುತ್ತದೆ, ರೈಲಿನ ಇಡೀ ಬೋಗಿಗೆ ಅದು ಕಾಣುತ್ತದೆ ಎಂಬುದೂ ನೆನಪಿರಲಿ.

ಹೀಗೆ ಮಾಡುವುದಕ್ಕೆ ಕಂಪನಿಯ ಅನುಮತಿ ಬೇಕೇ ಎಂದು ಹಲವರು ಅಳುಕುತ್ತಾರೆ. ಯೂರೋಪಿಯನ್ ಒಕ್ಕೂಟದ 2015ರ ಮುಕ್ತ ಅಂತರ್ಜಾಲ ನಿಯಮದ ಪ್ರಕಾರ, ಹಣ ಕೊಟ್ಟು ಪಡೆದ ಸಂಪರ್ಕವನ್ನು ಯಾವ ಸಾಧನದಲ್ಲಿ ಬಳಸಬೇಕು ಎಂಬುದು ಗ್ರಾಹಕನಿಗೆ ಬಿಟ್ಟದ್ದು. ಕೆಲವು ಆ್ಯಪ್‌ಗಳ ಬಳಕೆಯನ್ನು ಲೆಕ್ಕಕ್ಕೆ ಹಿಡಿಯದೆ ಉಚಿತವಾಗಿ ಕೊಡುವ ಯೋಜನೆಗಳಲ್ಲಿ ಟೆಥರಿಂಗಿಗೆ ಮಾತ್ರ ಆ ಸವಲತ್ತು ನಿರಾಕರಿಸುತ್ತಿದ್ದ ಜರ್ಮನ್ ಪ್ರಕರಣದಲ್ಲಿ, ಅಂಥ ಷರತ್ತು ಆ ನಿಯಮಕ್ಕೆ ವಿರುದ್ಧ ಎಂದು ಒಕ್ಕೂಟದ ನ್ಯಾಯಾಲಯ 2021ರ ಸೆಪ್ಟೆಂಬರ್ 2ರಂದು ತೀರ್ಪು ಕೊಟ್ಟಿತು. ಆದ್ದರಿಂದ ನಿಶ್ಚಿಂತೆಯಿಂದ ಬಳಸಿ.

ಚಿಂತೆ ಮಾಡಬೇಕಾದ್ದು ಡೇಟಾದ ಲೆಕ್ಕದ ಬಗ್ಗೆ. 2016ರಲ್ಲಿ ಜಿಯೊ ಬಂದ ಮೇಲೆ ನಾವೆಲ್ಲ ದಿನಕ್ಕೆ ಇಷ್ಟು ಜಿಬಿ ಎಂಬ ಲೆಕ್ಕಕ್ಕೆ ಒಗ್ಗಿದವರು. ಇವತ್ತಿನದು ಮುಗಿದರೆ ನಡುರಾತ್ರಿ ದಾಟುತ್ತಲೇ ಮತ್ತೆ ತುಂಬಿಕೊಳ್ಳುತ್ತದೆ ಎಂಬ ಧೈರ್ಯ ನಮಗಿರುತ್ತದೆ. ಇಲ್ಲಿನ ಪ್ರಿಪೇಯ್ಡ್ ಪ್ಯಾಕುಗಳು ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಒಟ್ಟು ಇಷ್ಟು ಎಂದು ಇರುತ್ತವೆ. 20 ಜಿಬಿ ಎಂದು ದೊಡ್ಡದಾಗಿ ಬರೆದದ್ದನ್ನು 28 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸಿಗುವುದು 700 ಎಂಬಿಯ ಆಸುಪಾಸು. ಎಚ್‌ಡಿ ಗುಣಮಟ್ಟದಲ್ಲಿ ನೆಟ್‌ಫ್ಲಿಕ್ಸ್ ನೋಡಿದರೆ ಗಂಟೆಗೆ 3 ಜಿಬಿಯವರೆಗೆ ಹೋಗುತ್ತದೆ. ಎರಡೂವರೆ ಗಂಟೆಯ ಒಂದು ಸಿನಿಮಾ ಹತ್ತು ದಿನದ ಪಾಲನ್ನು ಒಂದೇ ಸಂಜೆಗೆ ನುಂಗಿಬಿಡುತ್ತದೆ.

ಒಮ್ಮೆ ಅಕ್ಟೋಬರಿನಲ್ಲಿ ಓದಲು ಬಂದಿದ್ದ ಹಾಸನ ಕಡೆಯ ಒಬ್ಬ ಹುಡುಗ, ಸಿನಿಮಾ ಗಿನಿಮಾ ಏನೂ ನೋಡದೆಯೇ 10 ಜಿಬಿಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡ. ಹಾಟ್‌ಸ್ಪಾಟ್ ಹಚ್ಚಿ, ಲ್ಯಾಪ್‌ಟಾಪ್ ತೆರೆದಿಟ್ಟು, ಪ್ರಯಾಣದ ಆಯಾಸಕ್ಕೆ ಹಾಗೆಯೇ ಮಲಗಿದ್ದನಂತೆ. ವೈ-ಫೈ ಸಿಕ್ಕಿತೆಂದು ಖುಷಿಯಾದ ವಿಂಡೋಸ್ ತನ್ನ ಅಪ್‌ಡೇಟುಗಳನ್ನೆಲ್ಲ ಇಳಿಸಿಕೊಂಡಿತು, ಬೀಳ್ಕೊಡುಗೆಯ ದಿನದ ಫೋಟೊ ವಿಡಿಯೊಗಳೆಲ್ಲ ಕ್ಲೌಡಿಗೆ ಏರಿದವು. ಬೆಳಿಗ್ಗೆ ಎದ್ದಾಗ ಕಂಡದ್ದು ಜರ್ಮನ್ ಭಾಷೆಯ ಒಂದು ಎಸ್ಸೆಮ್ಮೆಸ್ ಮಾತ್ರ. ಅದರಲ್ಲಿದ್ದ ಡಾಟೆನ್‌ವೊಲೂಮೆನ್ ಎಂಬ ಪದವನ್ನು ನೀವು ಈಗಲೇ ಕಲಿತುಕೊಳ್ಳಿ: ನಿಮ್ಮ ಪ್ಯಾಕಿನ ಒಟ್ಟು ಡೇಟಾ ಎಂದು ಅದರ ಅರ್ಥ. ಅದು ತೀರಿದರೆ ಸಂಪರ್ಕ ಕಡಿದುಹೋಗುವುದಿಲ್ಲ, ವೇಗ ಇಳಿಯುತ್ತದೆ. ಇದಕ್ಕೆ ಇಲ್ಲಿ ಡ್ರೊಸೆಲುಂಗ್ ಎನ್ನುತ್ತಾರೆ. ಹಲವು ಪ್ಯಾಕುಗಳಲ್ಲಿ ಆ ವೇಗ ಸೆಕೆಂಡಿಗೆ 64 ಕಿಲೋಬಿಟ್. ಈ ವೇಗದಲ್ಲಿ ಒಂದು ಎಂಬಿ ಇಳಿಯಲು ಎರಡು ನಿಮಿಷ ಬೇಕು, ಐದು ಎಂಬಿಯ ಬಾಡಿಗೆ ಕರಾರಿನ ಪ್ರತಿಗೆ ಹತ್ತು ನಿಮಿಷ. ಆ ಹುಡುಗ ಮೂರು ದಿನ ಬ್ಯಾಂಕಿನ ಪುಟ ತೆರೆಯಲಾಗದೆ ನಮ್ಮ ಮನೆಗೆ ಬಂದು ಕೂರುತ್ತಿದ್ದ.

ಇದನ್ನು ತಪ್ಪಿಸುವುದು ಸುಲಭ. ವಿಂಡೋಸಿನಲ್ಲಿ ನಿಮ್ಮ ಹಾಟ್‌ಸ್ಪಾಟಿನ ವಿವರಗಳಿಗೆ ಹೋಗಿ ಮೀಟರ್ಡ್ ಕನೆಕ್ಷನ್ ಎಂಬುದನ್ನು ಹಚ್ಚಿಬಿಟ್ಟರೆ, ದೊಡ್ಡ ಅಪ್‌ಡೇಟುಗಳು ಬೇರೆ ಸಂಪರ್ಕ ಸಿಗುವವರೆಗೆ ಕಾಯುತ್ತವೆ. ಮ್ಯಾಕಿನಲ್ಲಿ ಇದೇ ಕೆಲಸವನ್ನು ಲೋ ಡೇಟಾ ಮೋಡ್ ಮಾಡುತ್ತದೆ. ಫೋಟೊಗಳ ಸಿಂಕ್ ಅನ್ನು ಕೈಯಾರೆ ನಿಲ್ಲಿಸಿ. ಅಪ್‌ಡೇಟುಗಳನ್ನು ಕಚೇರಿಯಲ್ಲಿ, ವಿದ್ಯಾರ್ಥಿಗಳಾದರೆ ವಿಶ್ವವಿದ್ಯಾಲಯದ ಎಡುರೋಮ್ ಜಾಲದಲ್ಲಿ ಮುಗಿಸಿಕೊಂಡು ಬನ್ನಿ. ಭಾನುವಾರ ಅಮ್ಮನ ಜೊತೆಗಿನ ವಿಡಿಯೊ ಕರೆಯನ್ನು ಮಾತ್ರ ಯಾರೂ ಕಡಿಮೆ ಮಾಡಬೇಕಿಲ್ಲ, ಪ್ಯಾಕ್ ಇರುವುದೇ ಅದಕ್ಕೆ.

ಇನ್ನು ಮನೆಯೊಳಗೆ ಫೋನನ್ನು ಎಲ್ಲಿಡಬೇಕು ಎಂಬುದು. ಇಲ್ಲಿನ ಹಳೆಯ ಕಟ್ಟಡಗಳ ಗೋಡೆಗಳು ಬಹಳ ದಪ್ಪ. ಹೊಸ ಕಟ್ಟಡಗಳಲ್ಲಿ ಚಳಿ ತಡೆಯಲೆಂದು ಕಿಟಕಿಯ ಗಾಜಿಗೆ ಬಳಿದಿರುವ ತೆಳುವಾದ ಲೋಹದ ಲೇಪ ಮೊಬೈಲ್ ಸಂಕೇತವನ್ನೂ ತಡೆಯುತ್ತದೆ. ಫೋನನ್ನು ಕಿಟಕಿಯ ಹತ್ತಿರವಿಟ್ಟು, ಅಲ್ಲಿಂದ ವೈ-ಫೈಯಲ್ಲಿ ಮೇಜಿನವರೆಗೆ ತರುವುದು ಜಾಣತನ. ಒಂದೆರಡು ಮೀಟರ್ ಜಾಗ ಬದಲಿಸಿದ್ದಕ್ಕೇ ವೇಗ ಎರಡು ಪಟ್ಟಾದದ್ದನ್ನು ನಾನು ಕಂಡಿದ್ದೇನೆ. ಆದರೆ ಜರ್ಮನಿಯ ಮನೆಗಳಲ್ಲಿ ಕೋಣೆ ಬಿಸಿ ಮಾಡುವ ಹೀಟರ್ ಇರುವುದೂ ಕಿಟಕಿಯ ಕೆಳಗೇ. ಚಳಿಗಾಲದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿಟ್ಟ ಫೋನು ಅರ್ಧ ಗಂಟೆಯಲ್ಲಿ ಹೆಂಚಿನಂತಾಗಿ, ತಾನು ಬಿಸಿಯಾಗಿದ್ದೇನೆ ಎಂದು ಎಚ್ಚರಿಕೆ ತೋರಿಸಿ ಕೆಲಸ ನಿಲ್ಲಿಸಿಬಿಡುತ್ತದೆ. ಒಂದು ಸ್ಟೂಲ್ ಎಳೆದು, ಹೀಟರಿನಿಂದ ಒಂದು ಮಾರು ದೂರದಲ್ಲಿಡಿ.

ಬ್ಯಾಂಕಿನ ಒಟಿಪಿಗಾಗಿ ಊರಿನ ಸಿಮ್ಮನ್ನೂ ಅದೇ ಫೋನಿನಲ್ಲಿ ಉಳಿಸಿಕೊಂಡವರು ಇದನ್ನು ಗಮನವಿಟ್ಟು ಓದಬೇಕು. ಹಾಟ್‌ಸ್ಪಾಟ್ ಯಾವ ಸಿಮ್ಮಿನ ಡೇಟಾವನ್ನು ಹಂಚುತ್ತದೆ ಎಂಬುದನ್ನು ತೀರ್ಮಾನಿಸುವುದು ಮೊಬೈಲ್ ಡೇಟಾ ಎಂಬ ಸೆಟ್ಟಿಂಗ್. ಅಲ್ಲಿ ಜರ್ಮನ್ ಸಿಮ್ಮನ್ನು ಆಯ್ದುಕೊಳ್ಳಿ, ಭಾರತದ ಸಿಮ್ಮಿಗೆ ಡೇಟಾ ರೋಮಿಂಗನ್ನು ನಿಲ್ಲಿಸಿಡಿ, ಒಂದು ಸಿಮ್ಮಿನ ಜಾಲ ಸೋತರೆ ಇನ್ನೊಂದಕ್ಕೆ ತಾನಾಗಿ ಹೊರಳುವ ಸೌಲಭ್ಯ ನಿಮ್ಮ ಫೋನಿನಲ್ಲಿದ್ದರೆ ಅದನ್ನೂ ನಿಲ್ಲಿಸಿ. ಡೇಟಾ ರೋಮಿಂಗ್ ಇಲ್ಲದಿದ್ದರೂ ಎಸ್ಸೆಮ್ಮೆಸ್ ಬರುತ್ತದೆ. ಯೂರೋಪಿಯನ್ ಒಕ್ಕೂಟದೊಳಗೆ, ಉದಾಹರಣೆಗೆ ಆಸ್ಟ್ರಿಯಾದ ಸಾಲ್ಜ್‌ಬರ್ಗಿಗೆ ಹೋದಾಗ, 2017ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮದಂತೆ ನಿಮ್ಮ ಜರ್ಮನ್ ಪ್ಯಾಕನ್ನೇ ಹೆಚ್ಚಿನ ರೋಮಿಂಗ್ ಶುಲ್ಕವಿಲ್ಲದೆ ಬಳಸಬಹುದು. ಸ್ವಿಟ್ಜರ್‌ಲೆಂಡ್ ಆ ನಿಯಮಕ್ಕೆ ಸೇರಿಲ್ಲ. ಬೋಡನ್‌ಸೇ ಸರೋವರದ ದಡದಲ್ಲಿ ಕೂತರೆ ಫೋನು ಎದುರು ದಡದ ಸ್ವಿಸ್ ಟವರನ್ನು ಹಿಡಿದುಕೊಳ್ಳುವುದುಂಟು. ಅಲ್ಲಿ ಹಾಟ್‌ಸ್ಪಾಟ್ ಹಚ್ಚುವ ಮುಂಚೆ ಪರದೆಯ ಮೇಲೆ ಯಾವ ಜಾಲದ ಹೆಸರಿದೆ ಎಂದು ಒಮ್ಮೆ ನೋಡಿ.

ಜೊತೆಗಿರುವವರಿಗೆ ಹಾಟ್‌ಸ್ಪಾಟ್ ಗುಟ್ಟುಪದ ಕೊಡುವಾಗ ಟೊರೆಂಟ್ ಬಳಸಬಾರದೆಂದು ಮುಖ ನೋಡಿಯೇ ಹೇಳಿ. ಹೊಸ ಸಿನಿಮಾವನ್ನು ಹಾಗೆ ಇಳಿಸಿಕೊಂಡರೆ ಹಕ್ಕುದಾರರ ವಕೀಲರಿಂದ ಆಬ್‌ಮಾನುಂಗ್ ಎಂಬ ನೋಟಿಸು ಬರುವುದು, ನೂರಾರು ಯೂರೋ ಕೇಳುವುದು ಈ ದೇಶದಲ್ಲಿ ದಿನನಿತ್ಯದ ಮಾತು, ಆ ಪತ್ರ ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರಿಗೆ.

ಮನೆಯ ಸಂಪರ್ಕಕ್ಕೆ ಅರ್ಜಿ ಹಾಕಲು ತಾತ್ಕಾಲಿಕ ಮನೆಯಲ್ಲಿರುವಾಗ ಅವಸರ ಮಾಡಬೇಡಿ. ಕರಾರುಗಳು ಸಾಮಾನ್ಯವಾಗಿ 24 ತಿಂಗಳಿನವು. ಆನ್‌ಲೈನಿನಲ್ಲಿ ಮಾಡಿಕೊಂಡ ಕರಾರನ್ನು 14 ದಿನದೊಳಗೆ ಹಿಂತೆಗೆದುಕೊಳ್ಳಬಹುದು. 2021ರ ಡಿಸೆಂಬರಿನಿಂದ ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ಸೂಚನೆ ಕೊಟ್ಟು ಬಿಡಬಹುದು. ಆದರೆ ಆ ಮೊದಲ ಅವಧಿಯ ನಡುವೆ ಹೊರಬರುವುದು ಕಷ್ಟ. ಕಾಯಂ ಮನೆ ಸಿಕ್ಕಿ, ವಿಳಾಸ ನೋಂದಣಿಯಾದ ದಿನವೇ ಅರ್ಜಿ ಹಾಕಿ, ಅಲ್ಲಿಯವರೆಗೆ ತಿಂಗಳ ಲೆಕ್ಕದ ಪ್ಯಾಕಿನಲ್ಲಿ ಕಾಲ ತಳ್ಳಿ.

ತಂತ್ರಜ್ಞ ಬರುವ ದಿನವನ್ನು 'ಬೆಳಿಗ್ಗೆ 8ರಿಂದ 12ರೊಳಗೆ' ಎಂಬಂತೆ ತಿಳಿಸುತ್ತಾರೆ, ಅಷ್ಟು ಹೊತ್ತೂ ಮನೆಯಲ್ಲಿರಬೇಕು. ನಾನು ಇದ್ದೆ. ನನ್ನ ಕರಾರಿನಲ್ಲಿದ್ದದ್ದು ಪಾಸ್‌ಪೋರ್ಟಿನಲ್ಲಿರುವಂತೆ ಊರು, ತಂದೆಯ ಹೆಸರು ಎಲ್ಲ ಸೇರಿದ ಮೂರು ಪದಗಳ ಹೆಸರು. ಕೆಳಗಿನ ಬಾಗಿಲ ಕರೆಗಂಟೆಯ ಫಲಕದಲ್ಲಿ ಹಿಂದಿನ ಬಾಡಿಗೆದಾರನ ಹೆಸರೇ ಉಳಿದಿತ್ತು. ಇಲ್ಲಿ ಮನೆಗೆ ಬಾಗಿಲ ಸಂಖ್ಯೆಯಿರುವುದು ಅಪರೂಪ, ಗಂಟೆಯ ಮೇಲಿನ ಹೆಸರೇ ಗುರುತು. ಬಂದವನು ಹೆಸರು ಹುಡುಕಿ, ಕಾಣದೆ, ಗ್ರಾಹಕರು ಸಿಗಲಿಲ್ಲವೆಂದು ಚೀಟಿ ಅಂಟಿಸಿ ಹೋದ. ನಾನು ಎರಡನೆಯ ಮಹಡಿಯಲ್ಲಿ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೂತೇ ಇದ್ದೆ. ಮುಂದಿನ ದಿನಾಂಕ ಸಿಕ್ಕಿದ್ದು ಮೂರು ವಾರದ ನಂತರ. ಆದ್ದರಿಂದ ಕರಾರಿನಲ್ಲಿರುವ ಕುಲನಾಮವನ್ನೇ ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದು, ಕರೆಗಂಟೆಗೂ ಅಂಚೆಪೆಟ್ಟಿಗೆಗೂ ಹಿಂದಿನ ರಾತ್ರಿಯೇ ಅಂಟಿಸಿಬಿಡಿ.